ಇನ್ನೂರ ಹನ್ನೆರಡನೇ ನಮೂನೆ

ಜನವರಿ ೧೧

ಪುಟ್ಟಿ,

ಎರಡು ವರ್ಷ ಮಾತಿಲ್ಲದೆ ಇದ್ದು ಈಗ ಅಕ್ಕನ ಕಾಗದ ಬಂತಲ್ಲ ಎಂದು ಗಾಬರಿಯಾಗಬೇಡ. ನನಗೇನೂ ಆಗಿಲ್ಲ, ಮಂಡಿನೋವು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದೇನೆ. ಆಗಿರುವುದು ಮಿಷನ್ನಿಗೆ. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಕಿತ್ತಾಡುತ್ತೇವೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಆರು ವರ್ಷದ ಹಿಂದೆ, ಆ ಮಿಷನ್ ಕಂಪನಿಯಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ, ನೌಕರರ ರಿಯಾಯಿತಿಯಲ್ಲಿ ನೀನೇ ಕೊಡಿಸಿದ ಕಸೂತಿ ಮಿಷನ್ನು ಇದು. ಪೂರ್ತಿ ಹಣ ಕೊಟ್ಟು ಕೊಂಡದ್ದು. ಹೋದ ಸೋಮವಾರ ಬೆಳಗ್ಗೆ ಅಂಗಡಿ ತೆಗೆದು ಬಟನ್ ಒತ್ತಿದರೆ ಪರದೆಯ ಮೇಲೆ ಒಂದು ಸಾಲು: 'ನಿಮ್ಮ ಜೀವಮಾನ ಯೋಜನೆ ಮುಕ್ತಾಯವಾಗಿದೆ.' ಒಂದು ಕ್ಷಣ ನನ್ನದೇ ಮುಕ್ತಾಯವಾಯಿತೇನೋ ಅಂದುಕೊಂಡೆ. ಇನ್ನು ಮುಂದೆ ಹೊಲಿಯಬೇಕಾದರೆ 'ಹೊಲಿಗೆ ನಾಣ್ಯ' ಕೊಳ್ಳಬೇಕಂತೆ. ಒಂದು ನಾಣ್ಯಕ್ಕೆ ಹತ್ತು ಸಾವಿರ ಹೊಲಿಗೆ. ತೊಂಬತ್ತು ದಿನದೊಳಗೆ ಬಳಸದಿದ್ದರೆ ನಾಣ್ಯ ತಾನೇ ಕರಗಿಹೋಗುತ್ತದಂತೆ. ಇಂಥ ನಾಣ್ಯ ನಾನು ಕಂಡಿಲ್ಲ. ಕೈಯಲ್ಲಿ ಹಿಡಿಯುವ ಹಾಗಿಲ್ಲ, ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ, ಇಟ್ಟರೆ ಹಳಸುತ್ತದೆ. ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರ ಹತ್ತಿರ ಗೋಳು ಹೇಳಿಕೊಂಡೆ. "ನನ್ನ ಕುರ್ಚಿನೂ ಅಷ್ಟೇ ಕಣಮ್ಮ. ಅಪ್‌ಡೇಟ್ ಮುಗಿಯೋ ತನಕ ಹಿಂದಕ್ಕೆ ವಾಲಲ್ಲ. ಮೊನ್ನೆ ಒಬ್ಬರಿಗೆ ನಿಲ್ಲಿಸ್ಕೊಂಡೇ ಹಲ್ಲು ಕಿತ್ತೆ" ಎಂದರು.

ನಿಮ್ಮ ಕಂಪನಿಗೆ ದೂರು ಬರೆದೆ. ಜೀವಮಾನ ಅಂದರೆ ಯಾರ ಜೀವಮಾನ ಎಂದು ಕೇಳಿದೆ. 'ಜೀವಮಾನ ಎಂದರೆ ಯೋಜನೆಯ ಜೀವಮಾನ' ಎಂದು ಉತ್ತರ ಬಂತು. ಸಹಿ ಇಲ್ಲ, ಗ್ರಾಹಕ ಸೇವೆ ಎಂದಷ್ಟೇ ಇದೆ. ನೀನು ಈಗ ಕೂರುವುದು ಅದೇ ವಿಭಾಗದಲ್ಲಿ ಎಂದು ಕೇಳಿದ್ದೇನೆ. ಅದನ್ನು ಬರೆದ ಕೈ ನಿನ್ನದಲ್ಲ ಎಂದುಕೊಂಡಿದ್ದೇನೆ.

ಆದರೆ ಈ ಕಾಗದ ಬರೆದದ್ದು ಅದಕ್ಕಲ್ಲ. ಗುರುವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಹೊಸ ಅಂಗಿ ಹಿಡಿದು ಬಂದರು. ದೊಡ್ಡ ಅಂಗಡಿಯಲ್ಲಿ ಕೊಂಡದ್ದು, ಚೀಟಿ ಕೂಡ ಕಿತ್ತಿರಲಿಲ್ಲ. "ನೋಡಿ, ಹೊಸ ಬಟ್ಟೆ, ಆಗಲೇ ಕಾಲರ್ ಹತ್ರ ಹೊಲಿಗೆ ಬಿಟ್ಟಿದೆ. ಅವರನ್ನ ಕೇಳಿದ್ರೆ ಅದು ಇರೋದೇ ಹಾಗೆ ಅಂತಾರೆ. ನೀವೇ ತುಂಬಿಕೊಡಿ" ಎಂದರು. ಕಾಲರಿನ ಮೇಲೆ ಏಳೆಲೆಯ ಬಳ್ಳಿ. ಆರನೇ ಎಲೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಖಾಲಿ.

ನಾನು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಅದು ಅಮ್ಮನ ಬಳ್ಳಿ. ನಾವು ಮಿಷನ್ನಿಗೆ ಹಾಕಿದ ಇನ್ನೂರ ಹನ್ನೆರಡು ನಮೂನೆಗಳಲ್ಲಿ ಕೊನೆಯದು. ನಿನ್ನ ಶಾಲಿಗೆಂದು ಬರೆದದ್ದು.

ಅಮ್ಮ ಯಾವುದನ್ನೂ ಪೂರ್ತಿ ಮಾಡಿ ಕೊಟ್ಟವಳಲ್ಲ. ಒಂದೇ ಒಂದು ಹೊಲಿಗೆ ಬಿಟ್ಟು, ಸೂಜಿಗೆ ದಾರ ಪೋಣಿಸಿ, ಬಟ್ಟೆಯ ಒಡೆಯರ ಕೈಗೆ ಕೊಡುತ್ತಿದ್ದಳು. ಕೊನೆಯ ಹೊಲಿಗೆ ತೊಡುವವರದ್ದು. ಹಾಕದೆ ಬಟ್ಟೆ ಅಂಗಡಿ ದಾಟುವ ಹಾಗಿರಲಿಲ್ಲ. "ನಾನೇ ಎಲ್ಲ ಮಾಡಿಕೊಟ್ರೆ ಹಳೇದಾದ ಮೇಲೆ ಬಿಸಾಕ್ತಾರೆ. ತಾವೂ ಒಂದು ಕೈ ಹಾಕಿದ್ರೆ ಇಟ್ಕೋತಾರೆ" ಅನ್ನುತ್ತಿದ್ದಳು. ಮಿಷನ್ನಿಗೆ ಹಾಕುವಾಗಲೂ ಪಕ್ಕದಲ್ಲೇ ಕೂತು ಪ್ರತಿಯೊಂದರಲ್ಲೂ ಜಾಗ ಬಿಡಿಸಿದಳು. ಮಿಷನ್ನು ಪ್ರತಿ ಸಲವೂ ದೋಷ ಇದೆ, ದೋಷ ಇದೆ ಎಂದು ಕೂಗುತ್ತಿತ್ತು.

ಅಮ್ಮನ ಬಳ್ಳಿ ಆ ಅಂಗಿಯ ಮೇಲೆ ಹೇಗೆ ಬಂತು? ನನಗೆ ಬೇಕಾದ್ದು ಇದೊಂದಕ್ಕೆ ಉತ್ತರ. ನೀನು ಬಿಟ್ಟುಹೋದ ಶಾಲು ಕೆಳಗಿನ ಖಾನೆಯಲ್ಲಿ ಹಾಗೇ ಇದೆ.

ಇಂತಿ,
ಅಕ್ಕ

---

ಜನವರಿ ೨೯

ಅಕ್ಕ,

ಕಾಗದ ತಲುಪಿತು. ಮನೆಯ ವಿಳಾಸಕ್ಕೆ ಕಳಿಸಿದ್ದು ಒಳ್ಳೆಯದಾಯಿತು. ಇನ್ನು ಮೇಲೂ ಹಾಗೇ ಕಳಿಸು, ಕಚೇರಿಯ ಮೇಲ್‌ಗೆ ಬೇಡ. ಅದನ್ನು ನನಗಿಂತ ಮೊದಲು ಬೇರೆಯವರು ಓದುತ್ತಾರೆ.

ಕೇಳಿದ್ದಕ್ಕೆ ಉತ್ತರ. ಮಿಷನ್ನು ಮೊದಲ ಸಲ ಚಾಲೂ ಮಾಡಿದ ದಿನ ನೀನು 'ಒಪ್ಪಿದ್ದೇನೆ' ಎಂಬುದನ್ನು ಒತ್ತಿದ್ದೀಯ. ನಲವತ್ತಾರು ಪುಟದ ಒಪ್ಪಂದ. ಮೂವತ್ತೊಂದನೇ ಕಲಮಿನ ಪ್ರಕಾರ, ಮಿಷನ್ನಿನ ಮೂಲಕ ಕಂಪನಿಯ ಸಂಗ್ರಹಕ್ಕೆ ಹೋದ ಯಾವುದೇ ನಮೂನೆಯನ್ನು 'ಸೇವೆಯ ಸುಧಾರಣೆಗಾಗಿ' ಕಂಪನಿ ಬಳಸಬಹುದು, ಹಂಚಬಹುದು. ಒಂದೂವರೆ ವರ್ಷದಿಂದ ಒಂದು ನಮೂನೆ ಭಂಡಾರ ನಡೆಯುತ್ತಿದೆ. ನಾಣ್ಯ ಕೊಟ್ಟರೆ ಯಾರು ಯಾವುದನ್ನು ಬೇಕಾದರೂ ಇಳಿಸಿಕೊಳ್ಳಬಹುದು. ಆ ದೊಡ್ಡ ಅಂಗಡಿ ಇಳಿಸಿಕೊಂಡಿರುತ್ತದೆ.

ನಲವತ್ತಾರು ಪುಟ ಯಾರೂ ಓದುವುದಿಲ್ಲ. ಓದುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಾರೆ. ನಾನೂ ಓದಿರಲಿಲ್ಲ, ಈಗ ಬಾಯಿಪಾಠ ಬರುತ್ತದೆ. ನಮ್ಮ ವಿಭಾಗದಲ್ಲಿ ಇಪ್ಪತ್ತಮೂರು ಸಿದ್ಧ ಉತ್ತರಗಳಿವೆ. ದೂರು ಓದಿ ಇದು ಎಷ್ಟನೆಯದು ಎಂದು ಒತ್ತುವುದಷ್ಟೇ ಕೆಲಸ. ನಿನ್ನದು ನಾಲ್ಕನೆಯದು. ಒತ್ತಿದ ಕೈ ನನ್ನದೋ ಪಕ್ಕದವಳದೋ ಎಂದು ಕೇಳಬೇಡ, ಆ ವಾರ ಇಬ್ಬರೂ ಸೇರಿ ಒಂಬೈನೂರು ಸಲ ನಾಲ್ಕನೆಯದನ್ನು ಒತ್ತಿದ್ದೇವೆ.

ನ್ಯಾಯಾಲಯ ಅದು ಇದು ಎಂದು ಹೋಗಬೇಡ. ನಿನ್ನ ಹತ್ತಿರ ಏನಿದೆ? ಮಿಷನ್ನು ಬೀಗ ಹಾಕಿಕೊಂಡಿದೆ. ಅಮ್ಮ ಪೆನ್ಸಿಲಿನಲ್ಲಿ ಬರೆದ ಹಾಳೆಗಳು ಎಲ್ಲಿ ಹೋದವೆಂದು ನಿನಗೇ ಗೊತ್ತು. ಅದನ್ನು ಮತ್ತೆ ಕೆದಕುವುದು ನನಗೆ ಬೇಡ. ಮೂರು ತಿಂಗಳ ನಾಣ್ಯ ನಿನ್ನ ಮಿಷನ್ನಿನ ಲೆಕ್ಕಕ್ಕೆ ನಾನೇ ಕೊಳ್ಳುತ್ತೇನೆ, ಕೆಲಸ ನಿಲ್ಲಿಸಬೇಡ.

ಆ ಬ್ಯಾಂಕಿನ ಹೆಂಗಸಿನ ಕಾಲರನ್ನು ಏನು ಮಾಡಿದೆ? ತುಂಬಿಕೊಟ್ಟೆಯಾ?

ಪುಟ್ಟಿ

---

ಫೆಬ್ರವರಿ ೨೦

ಪುಟ್ಟಿ,

ನಿನ್ನ ನಾಣ್ಯ ನಿನ್ನ ಹತ್ತಿರವೇ ಇರಲಿ, ಹಳಸುವ ಮೊದಲು ಯಾರಿಗಾದರೂ ಕೊಡು. ಕೊಡಲು ಬರುವುದಿಲ್ಲ ಅಲ್ಲವೇ, ಮರೆತಿದ್ದೆ.

ಕಾಲರನ್ನು ನಾನು ತುಂಬಲಿಲ್ಲ. ಸೂಜಿಗೆ ಹಸಿರು ದಾರ ಪೋಣಿಸಿ ಆ ಹೆಂಗಸಿನ ಕೈಗೇ ಕೊಟ್ಟೆ. "ನಂಗೆ ಗುಂಡಿ ಹಾಕೋಕೂ ಬರಲ್ಲ" ಎಂದು ನಾಚಿಕೊಂಡರು. ಬರದಿದ್ದವರೇ ಹಾಕಬೇಕಾದ್ದು ಎಂದೆ. ವಕ್ರವಾಗಿ ಒಂದು ಹೊಲಿಗೆ ಹಾಕಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೋಗುವಾಗ ಮಜೂರಿ ಎಷ್ಟು ಎಂದರು. ಕೆಲಸ ಮಾಡಿದ್ದು ನೀವು, ನಾನೇ ಕೊಡಬೇಕು ಎಂದೆ.

ಬೇಡ ಅಂದ ಕಡೆಗೇ ಹೋದೆ. ಗ್ರಾಹಕರ ನ್ಯಾಯಾಲಯ ಇರುವುದು ಹಳೆಯ ಗೋದಾಮಿನ ಎರಡನೇ ಮಹಡಿಯಲ್ಲಿ. ಗೋಡೆಗೆ ಒರಗಿಸಿದ ಕಡತಗಳು ನನ್ನ ಎತ್ತರಕ್ಕಿವೆ. ಗುಮಾಸ್ತೆ ನನಗಿಂತ ಸಣ್ಣವಳು, ಮಾತು ಮಾತ್ರ ನಮ್ಮಜ್ಜಿಯದು. "ವಕೀಲರು ಬೇಡ, ನೀವೇ ವಾದ ಮಾಡಬಹುದು. ಆದ್ರೆ ಒಂದು ತಿಳ್ಕೊಳ್ಳಿ, ಕಾಗದದಲ್ಲಿ ಇಲ್ಲದ್ದು ಇಲ್ಲಿ ಇಲ್ಲ" ಎಂದಳು. ಮೂರು ಪ್ರತಿಯಲ್ಲಿ ಬರೆದುಕೊಟ್ಟೆ. ನಾನು ಕೇಳಿದ್ದು ಎರಡೇ. ಕೊಂಡ ಮಿಷನ್ನು ಕೊಂಡಾಗ ಇದ್ದ ಹಾಗೇ ಓಡಬೇಕು. ನಮ್ಮಮ್ಮನ ಇನ್ನೂರ ಹನ್ನೆರಡು ನಮೂನೆ ನನಗೆ ವಾಪಸು ಬರಬೇಕು, ಅವರ ಭಂಡಾರದಿಂದ ಹೋಗಬೇಕು. ಅವು ಅಮ್ಮನವೇ ಎನ್ನಲು ಗುರುತು ಕೇಳಿದರು. ಯಾವುದನ್ನೇ ತೆಗೆದು ನೋಡಿ, ಒಂದು ಹೊಲಿಗೆ ಕಡಿಮೆ ಇರುತ್ತದೆ ಎಂದು ಬರೆದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಇನ್ನು ಆ ಹಾಳೆಗಳ ವಿಷಯ. ನೀನು ಕೆದಕುವುದಿಲ್ಲ ಎಂದು ಹೇಳಿಯೇ ಕೆದಕಿದ್ದೀಯ. ಹೌದು, ರದ್ದಿಗೆ ಕೊಟ್ಟವಳು ನಾನೇ. ನಾಲ್ಕು ಮೂಟೆ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಮ್ಮ ಅದರ ಮೇಲೆ ಎಡವಿ ಬಿದ್ದಿದ್ದಳು. ಜೀವಮಾನ ಪೂರ್ತಿ ಭದ್ರವಾಗಿರುತ್ತದೆ ಎಂದು ನೀನು ಹೇಳಿದ್ದೆ, ನಾನು ನಂಬಿದೆ. ಅಮ್ಮ ಹೋದ ಮೇಲೆ ಒಂದು ಹಾಳೆಯಾದರೂ ಕೊಡು ಎಂದು ನೀನು ಕೇಳಿದಾಗ, ಇಲ್ಲ ಎನ್ನಲು ನನಗೆ ಬಾಯಿ ಬರದೆ ಸಿಟ್ಟು ಬಂತು. ಜೀವಮಾನ ಎಂದು ಮಾರಿದವಳು ನೀನು ಎಂದೆ. ಮಿಷನ್ನು ಬಂದ ಮೇಲೆ ನಿನಗೆ ಅಮ್ಮ ಬೇಡವಾದಳು ಎಂದು ನೀನು ಅಂದೆ. ಆ ಮಾತು ಇನ್ನೂ ನನ್ನ ಎದೆಯಲ್ಲೇ ಇದೆ. ನನ್ನ ಮಾತು ನಿನ್ನಲ್ಲಿ ಇಳಿದಿದೆಯೋ ಇಲ್ಲವೋ ಗೊತ್ತಿಲ್ಲ.

ಈಗ ಕಾಲಲ್ಲಿ ತುಳಿಯುವ ಅಮ್ಮನ ಹಳೇ ಮಿಷನ್ನನ್ನು ಅಟ್ಟದಿಂದ ಕೆಳಗಿಳಿಸಿದ್ದೇನೆ. ಎಣ್ಣೆ ಬಿಟ್ಟೆ, ಓಡಿತು. ಏನನ್ನೂ ಒಪ್ಪಿಕೊಳ್ಳಲು ಹೇಳಲಿಲ್ಲ.

ಅಕ್ಕ

---

ಮಾರ್ಚ್ ೩೦

ಪುಟ್ಟಿ,

ಹೋದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಜಗಳ ಬರೆದೆನಲ್ಲ, ಅದಕ್ಕಿರಬಹುದು. ಇದನ್ನಾದರೂ ಓದು.

ನಿನ್ನೆ ವಿಚಾರಣೆಗೆ ನಿಮ್ಮ ಕಂಪನಿಯ ವಕೀಲರು ಬಂದಿದ್ದರು. ಒಳ್ಳೆಯ ಮನುಷ್ಯ, ನನಗೆ ಕುರ್ಚಿ ಎಳೆದುಕೊಟ್ಟರು. ಆಮೇಲೆ ಒಂದು ದಪ್ಪ ಕಟ್ಟು ತೆಗೆದು ನ್ಯಾಯಾಲಯದ ಅಧ್ಯಕ್ಷರ ಮುಂದಿಟ್ಟರು. ಭಂಡಾರದಲ್ಲಿರುವ ನಮೂನೆಗಳನ್ನು ಒಂದೊಂದು ಹಾಳೆಗೆ ಒಂದರಂತೆ ಅಚ್ಚು ಹಾಕಿ ತಂದಿದ್ದರು. "ಫಿರ್ಯಾದಿದಾರರು ಒಂದು ಹೊಲಿಗೆ ಕಡಿಮೆ ಇದೆ ಅಂತಾರೆ. ಎಲ್ಲಿದೆ, ತೋರಿಸಲಿ" ಎಂದರು.

ನಾನು ಕನ್ನಡಕ ಹಾಕಿಕೊಂಡು ಕೂತೆ. ದೋಣಿ ನೋಡಿದೆ, ಪೂರ್ತಿ. ಗುಬ್ಬಚ್ಚಿ, ಪೂರ್ತಿ. ಛತ್ರಿ, ಕೆಟಲು, ಎರಡು ಮೀನು, ಎಲ್ಲ ಪೂರ್ತಿ. ಅಧ್ಯಕ್ಷರು ಅರ್ಧ ಗಂಟೆ ಕಾದರು. ಇನ್ನೂರ ಹನ್ನೊಂದು ಹಾಳೆ ಮಗುಚಿದೆ. ಎಲ್ಲದರಲ್ಲೂ ಆ ಅಕ್ಕಿಕಾಳಿನ ಜಾಗ ತುಂಬಿದೆ. ಎಷ್ಟು ಚೆನ್ನಾಗಿ ತುಂಬಿದ್ದಾರೆಂದರೆ, ಯಾವ ಜಾಗ ಖಾಲಿ ಇತ್ತು ಎಂದು ನನಗೇ ನೆನಪಾಗಲಿಲ್ಲ. ಅಮ್ಮನ ಪಕ್ಕ ಕೂತು ಒಂದೊಂದನ್ನೂ ಮಿಷನ್ನಿಗೆ ಹಾಕಿದವಳು ನಾನು, ಗುರುತು ಹಿಡಿಯಲಾರದೆ ಹೋದೆ.

ಖಾಲಿ ಇದ್ದದ್ದು ಕೊನೆಯದೊಂದೇ, ನಿನ್ನ ಬಳ್ಳಿ. ಅದಕ್ಕೆ ವಕೀಲರು "ಒಂದರಲ್ಲಿ ಇರೋದು ಆಕಸ್ಮಿಕ, ಅಥವಾ ವಿನ್ಯಾಸದ ಭಾಗ" ಎಂದರು. ಅಧ್ಯಕ್ಷರು ನನಗೆ ಜೂನ್ ತನಕ ಸಮಯ ಕೊಟ್ಟಿದ್ದಾರೆ. ಅಷ್ಟರಲ್ಲಿ ಪುರಾವೆ ತರದಿದ್ದರೆ ಅರ್ಜಿ ವಜಾ, ನಮೂನೆಗಳು ಅವರ ಪಾಲು.

ಯಾರು ಮಾಡಿದರು ಇದನ್ನು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಸುಮ್ಮನೆ ಹೇಳುತ್ತಾರೆಯೇ? ಯಂತ್ರವೇ ತಾನಾಗಿ ತುಂಬಿತೋ, ಯಾರಾದರೂ ಕೂತು ತುಂಬಿದರೋ? ನಿನಗೆ ಗೊತ್ತಿದ್ದರೆ ಹೇಳು. ಯಂತ್ರ ಎಂದು ಹೇಳಿದರೆ ನನಗೆ ಸ್ವಲ್ಪ ಸಮಾಧಾನ.

ಅಕ್ಕ

---

ಏಪ್ರಿಲ್ ೧೪

ಅಕ್ಕ,

ಯಂತ್ರವಲ್ಲ. ನಾನು.

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು, ಹೇಗೆ ಬರುತ್ತದೋ ಹಾಗೆ ಕಳಿಸುತ್ತೇನೆ.

ದೂರು ವಿಭಾಗಕ್ಕೆ ಬರುವ ಮೊದಲು ನಾನು ತಿದ್ದುಪಡಿ ವಿಭಾಗದಲ್ಲಿದ್ದೆ. ಅಮ್ಮ ಹೋಗಿ ನಾಲ್ಕು ತಿಂಗಳಾಗಿತ್ತು. ಭಂಡಾರ ತೆರೆಯುವ ತಯಾರಿ ನಡೆಯುತ್ತಿತ್ತು. ತಂತ್ರಾಂಶ 'ಅಪೂರ್ಣ' ಎಂದು ಗುರುತು ಹಾಕಿದ ನಮೂನೆಗಳನ್ನು ನಾವು ಸರಿಪಡಿಸಿ ಮುಂದೆ ಕಳಿಸಬೇಕಿತ್ತು. ಒಂದು ಬೆಳಗ್ಗೆ ನನ್ನ ಪರದೆಯ ಮೇಲೆ ಒಂದು ದೋಣಿ ಬಂತು. ಹಾಯಿಯ ಕೆಳಮೂಲೆಯಲ್ಲಿ ಒಂದು ಹೊಲಿಗೆ ಇಲ್ಲ. ಅದರ ಹಿಂದೆ ಗುಬ್ಬಚ್ಚಿ. ಅದರ ಹಿಂದೆ ಛತ್ರಿ. ಅಮ್ಮನೇ ಸಾಲಾಗಿ ಬಂದು ಕೂತ ಹಾಗಿತ್ತು.

ಆಗಲೇ ಎದ್ದುಹೋಗಿ ಇವು ನಮ್ಮವು ಎನ್ನಬೇಕಿತ್ತು. ನಿನಗೆ ಒಂದು ಫೋನು ಮಾಡಬೇಕಿತ್ತು. ಮಾಡಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು. ಇನ್ನೊಂದು ಹೇಳಿಬಿಡುತ್ತೇನೆ, ನಿನ್ನ ಮೇಲೆ ಸಿಟ್ಟಿತ್ತು. ಹಾಳೆಗಳನ್ನು ರದ್ದಿಗೆ ಹಾಕಿದವಳಿಗೆ ಇದೂ ಹೋಗಲಿ ಅನ್ನಿಸಿತು. ನಾಲ್ಕು ದಿನದಲ್ಲಿ ಇನ್ನೂರ ಹನ್ನೊಂದನ್ನು ತುಂಬಿದೆ. ಆ ತಿಂಗಳು ನನಗೆ ಬಹುಮಾನವಾಗಿ ಒಂದು ಕಾಫಿ ಲೋಟ ಕೊಟ್ಟರು. ಅದರಲ್ಲಿ ಇವತ್ತಿಗೂ ಕುಡಿದಿಲ್ಲ, ಪೆನ್ನು ಇಟ್ಟಿದ್ದೇನೆ.

ಆದರೆ ಒಂದೊಂದನ್ನು ತುಂಬುವ ಮೊದಲೂ ಅದು ಎಲ್ಲಿ ಖಾಲಿ ಇತ್ತು ಎಂದು ಬರೆದಿಟ್ಟುಕೊಂಡೆ. ಯಾಕೆ ಬರೆದೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅಮ್ಮ ಅಲ್ಲೇ ನಿಂತು ನೋಡುತ್ತಿದ್ದಾಳೆ ಅನ್ನಿಸಿತು ಅಷ್ಟೇ. ಆ ನೋಟ್‌ಬುಕ್ಕನ್ನು ಇದರ ಜೊತೆ ಕಳಿಸಿದ್ದೇನೆ. ನಂಬರು, ತಾರೀಕು, ಜಾಗ ಎಲ್ಲ ಇದೆ.

ಇನ್ನೂರ ಹನ್ನೆರಡನೆಯದಕ್ಕೆ ಬಂದಾಗ ಕೈ ಓಡಲಿಲ್ಲ. ಅದು ನನ್ನ ಹೊಲಿಗೆ, ನಾನು ಇನ್ನೂ ಹಾಕಿಲ್ಲ. ಶಾಲು ಸಿದ್ಧವಾಗಿದೆ ಬಾ ಎಂದು ಅಮ್ಮ ಎರಡು ಸಲ ಹೇಳಿಕಳಿಸಿದ್ದಳು. ಈ ವಾರ ಕೆಲಸ, ಮುಂದಿನ ವಾರ ಬರುತ್ತೇನೆ ಎಂದೆ. ಬಂದಾಗ ಶಾಲು ಇತ್ತು, ಅವಳಿರಲಿಲ್ಲ. ಆಮೇಲೆ ನಿನ್ನ ಜೊತೆ ಜಗಳವಾಡಿ ಅದನ್ನು ಬಿಚ್ಚಿಯೂ ನೋಡದೆ ಬಂದುಬಿಟ್ಟೆ. ಆ ಬಳ್ಳಿಯನ್ನು ಮಾತ್ರ 'ಪೂರ್ಣ' ಎಂದು ಸುಳ್ಳು ಗುರುತು ಹಾಕಿ ದಾಟಿಸಿದೆ. ಈಗ ಅದರ ಮೇಲೆ ದೂರುಗಳು ಬರುತ್ತವೆ, ಎಲೆಯಲ್ಲಿ ತೂತು ಇದೆ ಎಂದು. ಇದುವರೆಗೆ ಮೂವತ್ತೆಂಟು. ಎಲ್ಲದಕ್ಕೂ ನಾನೇ ಒಂಬತ್ತನೇ ಉತ್ತರ ಒತ್ತುತ್ತೇನೆ: 'ಇದು ವಿನ್ಯಾಸದ ಭಾಗ.' ನಮ್ಮ ಕಂಪನಿಯ ವಕೀಲರಿಗೆ ಆ ಮಾತು ಎಲ್ಲಿಂದ ಸಿಕ್ಕಿತು ಎಂದು ಈಗ ನಿನಗೆ ಗೊತ್ತಾಗಿರಬೇಕು.

ನೀನು ಬೈದರೆ ಬೈಸಿಕೊಳ್ಳುತ್ತೇನೆ. ನೋಟ್‌ಬುಕ್ಕನ್ನು ನ್ಯಾಯಾಲಯಕ್ಕೆ ಕೊಡು.

ಪುಟ್ಟಿ

---

ಮೇ ೩

ಪುಟ್ಟಿ,

ಎರಡು ವಾರ ಬರೆಯಲಿಲ್ಲ. ಬರೆದಿದ್ದರೆ ಬಾಯಿಗೆ ಬಂದದ್ದೆಲ್ಲ ಬರೆಯುತ್ತಿದ್ದೆ. ಬೈಗುಳ ಒಂದು ಮೂಟೆ ಇತ್ತು, ನೋಟ್‌ಬುಕ್ ಓದುತ್ತಾ ಓದುತ್ತಾ ಖರ್ಚಾಗಿಹೋಯಿತು.

'೩೪. ದೋಣಿ. ಹಾಯಿಯ ಕೆಳಮೂಲೆ, ಎಡಕ್ಕೆ.' '೭೧. ಗುಬ್ಬಚ್ಚಿ. ಬಾಲದ ಮೂರನೇ ಗರಿ.' ಓದಿದ ಹಾಗೆ ನನಗೂ ಒಂದೊಂದೇ ನೆನಪಾಯಿತು. ಮರೆತವಳು ನಾನು, ಅಳಿಸಿದವಳು ನೀನು. ಯಾರದು ಹೆಚ್ಚು ತಪ್ಪು ಎಂದು ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ.

ಆದರೆ ನೋಟ್‌ಬುಕ್ಕನ್ನು ನ್ಯಾಯಾಲಯಕ್ಕೆ ಕೊಡುವುದಿಲ್ಲ. ಅದರ ಪ್ರತಿ ಪುಟದ ಮೇಲೆ ನಿನ್ನ ಅಕ್ಷರ ಇದೆ. ಕೊಟ್ಟ ಮರುದಿನ ನಿನ್ನ ಕೆಲಸ ಹೋಗುತ್ತದೆ. ಬಾಡಿಗೆ ಮನೆ, ಒಂಟಿ ಜೀವ, ಇನ್ನೊಂದು ಕಂಪನಿ ನಿನ್ನನ್ನು ಒಳಗೆ ಬಿಡುತ್ತದೆಯೇ? ತಂಗಿಯ ಅನ್ನಕ್ಕೆ ಕಲ್ಲು ಹಾಕಿ ಅಮ್ಮನ ಹೂವು ಬಿಡಿಸಿಕೊಂಡು ಬಂದೆ ಎಂದರೆ ಅಮ್ಮನೇ ನನ್ನ ಮುಖ ನೋಡುವುದಿಲ್ಲ.

ಬೇರೆ ದಾರಿ ಹಿಡಿದಿದ್ದೇನೆ. ಅಮ್ಮನ ಹಳೇ ಗಿರಾಕಿಗಳನ್ನು ಹುಡುಕುತ್ತಿದ್ದೇನೆ. ಅವರೆಲ್ಲ ಕೊನೆಯ ಹೊಲಿಗೆ ಹಾಕಿದವರು ತಾನೇ? ಹಲ್ಲಿನ ಡಾಕ್ಟರು ತಮ್ಮ ಹಳೇ ಅಂಗಿ ಕೊಟ್ಟರು. ನಿವೃತ್ತ ಬಸ್ ಡ್ರೈವರ್ ಕರವಸ್ತ್ರ ಕೊಟ್ಟರು. ಭೂಗೋಳದ ಮೇಷ್ಟರ ಚೀಲ ಸಿಕ್ಕಿದೆ. ಅಮ್ಮ ಹೇಳಿದ್ದು ಸುಳ್ಳಾಗಲಿಲ್ಲ, ಯಾರೂ ಬಿಸಾಕಿಲ್ಲ.

ಅಕ್ಕ

---

ಮೇ ೨೨

ಅಕ್ಕ,

ಸರಿ, ನಿನ್ನ ಇಷ್ಟ. ವಿಚಾರಣೆ ಎಷ್ಟನೇ ತಾರೀಕು, ದೂರಿನ ನಂಬರು ಎಷ್ಟು? ಸುಮ್ಮನೆ ಕೇಳಿದೆ.

ಪುಟ್ಟಿ

---

ಮೇ ೩೦

ಜೂನ್ ೨೬, ಬೆಳಗ್ಗೆ ಹನ್ನೊಂದು. ದೂರು ನಂಬರು ೪೭. ಯಾಕೆ?

ಅಕ್ಕ

---

ಆಗಸ್ಟ್ ೯

ಪುಟ್ಟಿ,

ನಿನ್ನ ಕಚೇರಿಗೆ ಫೋನು ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಎಂದು ಐದು ಸಲ ಒತ್ತಿಸಿ ಕೊನೆಗೆ ಒಂದು ಧ್ವನಿ 'ಅವರು ಈಗ ಇಲ್ಲಿ ಕೆಲಸ ಮಾಡುತ್ತಿಲ್ಲ' ಎಂದಿತು. ಇಪ್ಪತ್ತನಾಲ್ಕನೇ ಸಿದ್ಧ ಉತ್ತರ ಇರಬೇಕು. ನಿನ್ನ ಫೋನು ಕಂಪನಿಯದಾಗಿತ್ತು, ಅದೂ ಸತ್ತಿದೆ. ನೀನು ಮನೆ ಬದಲಿಸಿಲ್ಲ ಎಂದು ನಂಬಿ ಈ ಕಾಗದ ಹಾಕುತ್ತಿದ್ದೇನೆ.

'ಸುಮ್ಮನೆ ಕೇಳಿದೆ' ಎಂದಾಗಲೇ ನನಗೆ ಹೊಳೆಯಬೇಕಿತ್ತು. ನೀನು ಹುಟ್ಟಿದಾಗಿನಿಂದ ಸುಮ್ಮನೆ ಏನನ್ನೂ ಕೇಳಿದವಳಲ್ಲ.

ಅವತ್ತು ಹದಿನಾಲ್ಕು ಬಟ್ಟೆ ಕಟ್ಟಿಕೊಂಡು ಹೋಗಿದ್ದೆ. ನಿನ್ನ ನೋಟ್‌ಬುಕ್ಕೂ ಬ್ಯಾಗಿನಲ್ಲಿತ್ತು. ಕೊಡಬಾರದು ಎಂದುಕೊಂಡೇ ತಂದಿದ್ದೆ, ಮನುಷ್ಯರ ಬುದ್ಧಿ ನೋಡು. ಬಟ್ಟೆಗಳನ್ನು ಮೇಜಿನ ಮೇಲೆ ಹರಡಿದೆ. ಪ್ರತಿಯೊಂದರಲ್ಲೂ ಅಮ್ಮನ ಸಾವಿರ ಹೊಲಿಗೆ ನೇರ, ಒಂದು ಸೊಟ್ಟ. ಹಲ್ಲಿನ ಡಾಕ್ಟರದು ಎಲ್ಲಕ್ಕಿಂತ ಸೊಟ್ಟ, ಜನರ ಹಲ್ಲು ಹೇಗೆ ತುಂಬುತ್ತಾರೋ. ವಕೀಲರು ಕರವಸ್ತ್ರ ಎತ್ತಿಕೊಂಡು "ಒಂದು ಹೊಲಿಗೆ ಬಿಚ್ಚಿ ಮತ್ತೆ ಸೊಟ್ಟ ಹಾಕೋದು ಯಾರಿಗೆ ಬರಲ್ಲ? ಇದು ಮೊನ್ನೆ ಮಾಡಿದ್ದಲ್ಲ ಅಂತ ಏನು ಗ್ಯಾರಂಟಿ?" ಎಂದರು. ಅಧ್ಯಕ್ಷರು ನನ್ನ ಕಡೆ ನೋಡಿದರು. "ಕಂಪನಿಯ ಸಂಗ್ರಹದಲ್ಲಿ ಮೊದಲು ಈ ಜಾಗಗಳು ಖಾಲಿ ಇದ್ದವು ಅನ್ನೋದಕ್ಕೆ ಏನಾದ್ರೂ ಇದೆಯೇನಮ್ಮ?"

ನನ್ನ ಕೈ ಬ್ಯಾಗಿನ ಮೇಲಿತ್ತು. ಅದರೊಳಗೆ ಹೋಗಲಿಲ್ಲ. ಇಲ್ಲ ಸ್ವಾಮಿ ಎಂದೆ. ಪುಟ್ಟಿ, ಅಮ್ಮನ ನಮೂನೆಗಳನ್ನು ನಾನು ಎರಡನೇ ಸಲ ಕೈಬಿಟ್ಟದ್ದು ಆಗ.

ಅಷ್ಟರಲ್ಲಿ ಗುಮಾಸ್ತೆ ಎದ್ದು ನಿಂತಳು. "ಸಾರ್, ನಲವತ್ತೇಳಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪ್ರಮಾಣಪತ್ರ ಬಂದಿದೆ. ಫಿರ್ಯಾದಿದಾರರು ಹಾಕಿಸಿದ್ದಲ್ಲ" ಎಂದಳು.

ಅಧ್ಯಕ್ಷರು ಓದಿ ಹೇಳಿದರು. ಸಹಿ ನಿನ್ನದು, ಜೊತೆಗೆ ಒಂದು ಪಟ್ಟಿ. 'ಸದರಿ ಇನ್ನೂರ ಹನ್ನೊಂದು ನಮೂನೆಗಳಲ್ಲಿ ಬಿಟ್ಟಿದ್ದ ಜಾಗವನ್ನು ನಾನೇ ನನ್ನ ಕೈಯಾರೆ ತುಂಬಿರುತ್ತೇನೆ. ಅವು ಯಾರವೆಂದು ನನಗೆ ಗೊತ್ತಿತ್ತು.' ನೋಟ್‌ಬುಕ್ಕಿನ ನಕಲು ಮೊದಲೇ ತೆಗೆದಿಟ್ಟುಕೊಂಡಿದ್ದೀಯ, ಕಳ್ಳಿ. ಅಧ್ಯಕ್ಷರು ಒಂದು ಕೈಯಲ್ಲಿ ನಿನ್ನ ಪಟ್ಟಿ, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದರು. ಮೂವತ್ತನಾಲ್ಕು, ದೋಣಿ, ಹಾಯಿಯ ಕೆಳಮೂಲೆ. ಡ್ರೈವರ ಕರವಸ್ತ್ರದಲ್ಲಿ ಸೊಟ್ಟ ಹೊಲಿಗೆ ಅಲ್ಲೇ ಇತ್ತು. ಎಪ್ಪತ್ತೊಂದು, ಬಾಲದ ಮೂರನೇ ಗರಿ. ಮೇಷ್ಟರ ಚೀಲದಲ್ಲಿ ಅಲ್ಲೇ. ಹದಿನಾಲ್ಕಕ್ಕೆ ಹದಿನಾಲ್ಕೂ ತಾಳೆಯಾದವು. ವಕೀಲರು ಎಂಟನೆಯದರ ನಂತರ ನೋಡುವುದನ್ನು ಬಿಟ್ಟು ಕಿಟಕಿಯ ಕಡೆ ತಿರುಗಿಕೊಂಡರು. ನಾನು ಅತ್ತೆ. ಅಷ್ಟು ಜನರ ಮುಂದೆ, ಹಲ್ಲಿನ ಡಾಕ್ಟರ ಅಂಗಿಯಲ್ಲೇ ಕಣ್ಣು ಒರೆಸಿಕೊಂಡೆ.

ಹೋದ ತಿಂಗಳ ಕೊನೆಗೆ ಆದೇಶ ಬಂತು. ಮಿಷನ್ನು ಮಾರಿದಾಗ ಇದ್ದ ಹಾಗೆ ನಾಣ್ಯವಿಲ್ಲದೆ ಓಡಬೇಕು. ನಮೂನೆಗಳು ಭಂಡಾರದಿಂದ ಹೋಗಬೇಕು, ನನಗೆ ಮರಳಬೇಕು. ಯಾರೂ ಓದಲಾರದ ಒಪ್ಪಂದವನ್ನು ಒಪ್ಪಿಗೆ ಎನ್ನಲು ಬರುವುದಿಲ್ಲ ಎಂದೂ ಬರೆದಿದ್ದಾರೆ. ಕಂಪನಿ ಮೇಲಿನ ಕೋರ್ಟಿಗೆ ಹೋಗುತ್ತದೋ ಏನೋ, ಹೋಗಲಿ. ಈಗಂತೂ ಇನ್ನೂರ ಹನ್ನೆರಡೂ ಬಂದಿವೆ. ನೀನು ತುಂಬಿದ ಇನ್ನೂರ ಹನ್ನೊಂದು ತುಂಬಿಕೊಂಡೇ ಬಂದಿವೆ. ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಐದರಂತೆ ಬಿಚ್ಚುತ್ತಿದ್ದೇನೆ. ಮಿಷನ್ನು ಮೊದಲಿನ ಹಾಗೇ ದೋಷ ಇದೆ, ದೋಷ ಇದೆ ಎಂದು ಕೂಗುತ್ತದೆ. ಕೂಗಲಿ ಎಂದು ಬಿಟ್ಟಿದ್ದೇನೆ.

ಇಲ್ಲಿ ಎರಡು ಮಿಷನ್ನಿದೆ, ಕೂರುವವಳು ಒಬ್ಬಳೇ. ದೂರು ಬರೆದುಕೊಡಿ ಎಂದು ದಿನಕ್ಕೆ ಇಬ್ಬರು ಮೂವರು ಮೆಟ್ಟಿಲು ಹತ್ತಿ ಬರುತ್ತಾರೆ. ಒಬ್ಬರ ಫ್ರಿಜ್ಜು, ಒಬ್ಬರ ಮನೆಬಾಗಿಲಿನ ಬೀಗ, ಹಲ್ಲಿನ ಡಾಕ್ಟರ ಕುರ್ಚಿ. ನನಗೆ ಕಲಮು ಗೊತ್ತಿಲ್ಲ, ನಲವತ್ತಾರು ಪುಟ ಬಾಯಿಪಾಠ ಬರುವವರು ಬೇಕು.

ಇವತ್ತು ಕೆಳಗಿನ ಖಾನೆ ತೆಗೆದೆ. ಶಾಲು ಸುತ್ತಿದ ಹಾಗೇ ಇದೆ. ಆರನೇ ಎಲೆಯ ಹತ್ತಿರ ಅಮ್ಮ ಚುಚ್ಚಿಟ್ಟ ಸೂಜಿಗೆ ತುಕ್ಕು ಹಿಡಿದಿತ್ತು. ಅದನ್ನು ತೆಗೆದು ಹೊಸದು ಹಾಕಿದ್ದೇನೆ. ದಾರ ಅಮ್ಮ ಪೋಣಿಸಿದ್ದೇ.

ಅಂಚೆಯಲ್ಲಿ ಕಳಿಸುವುದಿಲ್ಲ. ಹೊಲಿಗೆ ಹಾಕದೆ ಬಟ್ಟೆ ಅಂಗಡಿ ದಾಟುವ ಹಾಗಿಲ್ಲ, ಅದು ನಿನಗೂ ಗೊತ್ತು. ಹಾಕುವಾಗ ನಾನು ಪಕ್ಕದಲ್ಲಿ ನಿಂತು ತಪ್ಪು ಹೇಳುವುದಿಲ್ಲ. ಬರುವಾಗ ಕನ್ನಡಕ ಮರೆಯಬೇಡ.

ಅಕ್ಕ